ಜೋಡಿ ಖಾಲಿ ಇಲ್ಲ

ಕಿಂಗ್ಸ್‌ಟೌನಿನಲ್ಲಿ, ಬಂದರಿಗೆ ಬೆನ್ನು ಹಾಕಿದ ಕಟ್ಟಡದಲ್ಲಿ,
ಹತ್ತೊಂಬತ್ತು ವರ್ಷ ಒಂದೇ ಕಿಟಕಿಯ ಹಿಂದೆ ಕೂತು
ನಾನು ಹೇಳಿದ್ದು ಒಂದೇ ಮಾತು:
ಜೋಡಿ ಖಾಲಿ ಇಲ್ಲ.
ಎಂದರೆ, ನಿಮ್ಮ ಓಣಿಯ ಕಂಬಕ್ಕೆ ಬಂದ ಕೇಬಲಿನಲ್ಲಿ
ಬಿಡುವಾದ ಎರಡೆಳೆ ತಾಮ್ರ ಇಲ್ಲ.
ಮದುವೆ ದಲ್ಲಾಳಿ ಹೇಳಿದ ಹಾಗೆ ಹೇಳ್ತೀಯಲ್ಲೇ ವೆರ್ಲಿನ್,
ಎಂದು ನಗುತ್ತಿದ್ದ ಆಲ್ರಿಕ್, ಕೇಬಲು ಬೆಸೆಯುವವನು,
ಗುಂಡಿಯಿಂದ ಎದ್ದು ನೇರ ಊಟಕ್ಕೆ ಬಂದು, ಮೊಣಕಾಲೆಲ್ಲ ಮಣ್ಣು.
ಬಣ್ಣಗಳು ಅವನಿಗೆ ಮಗ್ಗಿಯಂತೆ ಬಾಯಿಪಾಠ:
ಬಿಳಿಗೆ ನೀಲಿ, ಬಿಳಿಗೆ ಕಿತ್ತಳೆ, ಬಿಳಿಗೆ ಹಸಿರು,
ಕಂದು, ಬೂದಿ; ಆಮೇಲೆ ಕೆಂಪಿನ ಸರದಿ.
ಕತ್ತಲಲ್ಲೂ ತಪ್ಪಿಲ್ಲ ಎನ್ನುತ್ತಿದ್ದ.
ಸುಳ್ಳು. ರಮ್ ಅಂಗಡಿಗೆ ಬರಬೇಕಾದ ಕರೆಗಳು ಒಮ್ಮೆ
ಹದಿನೈದು ದಿನ ಪಾದ್ರಿಯ ಮನೆಗೆ ಹೋದವು.

ಮಿಸ್ ಯೂಲಾಲಿ ಕ್ವಾಶಿ, ಲೇಯೂ ಊರಿನ ದರ್ಜಿ,
ಅರ್ಜಿ ಕೊಟ್ಟಾಗ ಅವಳ ಮಗ ಟ್ರಿನಿಡಾಡಿಗೆ ಹೊರಟಿದ್ದ.
ಪ್ರತಿ ವರ್ಷ ಈಸ್ಟರ್ ಕಳೆದ ವಾರ ಬರುವಳು, ಟೋಪಿ ಹಾಕಿ,
ಕೌಂಟರಿನ ಮೇಲೊಂದು ದೀವಿಹಲಸು ಇಡುವಳು.
ತೆಗೆದುಕೊಂಡೆ. ಅದನ್ನು ಮುಚ್ಚಿಡುವುದಿಲ್ಲ.
ಕೆಂಡದಲ್ಲಿ ಸುಟ್ಟು ಉಪ್ಪುಮೀನಿನ ಜೊತೆ ತಿಂದೆ,
ಮರುದಿನ ಕಾಗದ ಟೈಪು ಮಾಡಿದೆ:
ನಿಮ್ಮ ತಾಳ್ಮೆಗೆ ಕೃತಜ್ಞತೆಗಳು.
ಒಂಬತ್ತು ಕಾಗದ. ಒಂಬತ್ತೂ ನನ್ನ ಕೈಯವೇ.
ಆಗ ನಮ್ಮನ್ನು ಬಿಟ್ಟರೆ ಇನ್ಯಾರಿದ್ದರು?
ಸಮುದ್ರ ಇತ್ತು.

ಆಮೇಲೆ ಹಸಿರು ಕೊಡೆಗಳು ಬಂದವು.
ಸಂತೆಯಲ್ಲಿ, ದೋಣಿಕಟ್ಟೆಯಲ್ಲಿ, ನಮ್ಮ ಬಾಗಿಲೆದುರಿಗೇ,
ಕೊಡೆಗೊಬ್ಬ ಹುಡುಗ, ಅವನ ಮುಂದೆ
ಮೀನು ಹರವಿದ ಹಾಗೆ ಫೋನುಗಳು.
ಅರ್ಜಿ ಇಲ್ಲ, ಕಂಬ ಇಲ್ಲ, ಜೋಡಿಯ ಹಂಗಿಲ್ಲ.
ಗುಡ್ಡದ ಮೇಲೊಂದು ಗೋಪುರ ರಾತ್ರಿಯಿಡೀ
ಕೆಂಪು ಕಣ್ಣು ಮಿಟುಕಿಸಿತು.
ಮೇಲಿನ ಮಹಡಿಯವರು ನಕ್ಕರು. ಗೂಡಂಗಡಿ ಇದು,
ಮೊದಲ ಚಂಡಮಾರುತಕ್ಕೆ ಹಾರಿಹೋಗುತ್ತೆ.
ಚಂಡಮಾರುತವೂ ಬಂತು.
ಬಿದ್ದದ್ದು ನಮ್ಮ ಕಂಬಗಳು.

ಲಂಡನ್ನಿನಿಂದ ಒಬ್ಬ ಬಂದ, ತೋಳು ಮಡಿಸಿದ ಅಂಗಿ,
ಒಮ್ಮೆ ಕೇಳಿ ಎಲ್ಲರ ಹೆಸರೂ ನೆನಪಿಟ್ಟುಕೊಂಡ.
ಭಯವಾದದ್ದು ಅದಕ್ಕೇ.
ಕಡಿತ ಎನ್ನಲಿಲ್ಲ; ಅಳತೆಗೆ ತರುವುದು ಎಂದ.
ಆಗ ಯಾಕೋ ಯೂಲಾಲಿಯ ಕತ್ತರಿ ನೆನಪಾಯಿತು.
ನಾಲ್ಕುನೂರ ಹನ್ನೆರಡು ಮಂದಿ ಇದ್ದೆವು,
ನೂರ ಅರವತ್ತು ಸಾಕಂತೆ.
ಒಬ್ಬೊಬ್ಬರೇ ಒಳಗೆ. ಬಾಗಿಲ ಹೊರಗೆ
ನನ್ನ ಕೌಂಟರಿನ ಚೀಟಿಯಂತ್ರವನ್ನೇ ತಂದಿಟ್ಟಿದ್ದರು.
ಹರಿದುಕೊಂಡೆ: ಎಪ್ಪತ್ತೇಳು.

ಆಲ್ರಿಕನದು ಎಪ್ಪತ್ತೈದು. ಹೊರಬಂದವನು ಲಕೋಟೆ ಒಡೆಯಲಿಲ್ಲ;
ಗೋಡೆಯ ಪೆಟ್ಟಿಗೆಯ ಮುಚ್ಚಳ ತೆಗೆದು
ಸಡಿಲಾಗಿದ್ದ ಒಂದೆಳೆ ಬಿಗಿಮಾಡಿ, ಮುಚ್ಚಿ,
ಊಟಕ್ಕೆ ಹೋಗುವವನ ಹಾಗೆ ಹೋದ.

ನನ್ನ ಕಾಗದದ ಕೊನೆಯ ಸಾಲು
ಕಣ್ಣಿಗಿಂತ ಮೊದಲು ಬೆರಳುಗಳಿಗೆ ಗೊತ್ತಾಯಿತು.

ಶನಿವಾರ ಸಂತೆಯಲ್ಲಿ ಯೂಲಾಲಿ.
ಕೊರಳಲ್ಲಿ ತಾನೇ ಹೊಲಿದ ಚೀಲ, ಚೀಲದಲ್ಲಿ ಫೋನು.
ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.
ನೋಡು, ಎಂದು ನನ್ನ ಕೈಗೇ ಕೊಟ್ಟಳು, ಯಾರಿಗಾದರೂ ಮಾಡು.
ಅಭ್ಯಾಸಬಲ: ಮೊದಲು ಕಿವಿಗಿಟ್ಟೆ,
ಆ ಗುಂಯ್ ಶಬ್ದಕ್ಕೆ ಕಾದೆ,
ಹತ್ತೊಂಬತ್ತು ವರ್ಷ ನಮ್ಮ ಕಂಪನಿ ಊದಿದ ಒಂದೇ ಸ್ವರಕ್ಕೆ.
ಏನೂ ಇಲ್ಲ. ಬಾವಿಗೆ ಕಿವಿಗೊಟ್ಟ ಹಾಗೆ.
ಅದರಲ್ಲಿ ಏನೂ ಕೇಳಿಸೋಲ್ಲ, ನಂಬರು ಒತ್ತು, ಎಂದಳು.

ಬಾಯಿಗೆ ಬರುವ ನಂಬರು ನನಗೆ ಒಂದೇ.
ಒತ್ತಿದೆ.
ಖಾಲಿ ಕಿಟಕಿಯ ಹಿಂದೆ, ನನ್ನ ಮೇಜಿನ ಮೇಲೆ,
ಅದು ಬಡಿದುಕೊಳ್ಳತೊಡಗಿತು.
ಯೂಲಾಲಿ ಬಾಳೆಕಾಯಿ ಒತ್ತಿ ಒತ್ತಿ ನೋಡುತ್ತ,
ತಲೆ ಎತ್ತದೆ ಅಂದಳು:
ಅವರು ಎತ್ತೋಲ್ಲಮ್ಮ. ನನಗೆ ಗೊತ್ತು.